ಜ್ಯೇಷ್ಠಮಧು ವೈರಸ್ಸನ್ನು ತಡೆಯಿತು, ಸರಿ, ಎಷ್ಟು ಹಾಕಿದಾಗ?

ನಮ್ಮ ವೈರಸ್ ಲ್ಯಾಬಿನಲ್ಲಿ ದಿನವೂ ಕೈಗೆ ಬರುವ ಪ್ಲಾಸ್ಟಿಕ್ ತಟ್ಟೆ ಅಂಗೈಯಗಲದ್ದು, ಅದರಲ್ಲಿ 96 ಪುಟ್ಟ ಗುಳಿಗಳು. ತಳದಲ್ಲಿ ಮಂಗನ ಮೂತ್ರಪಿಂಡದ ಕೋಶಗಳು ಚಾಪೆ ಹಾಸಿದಂತೆ ಬೆಳೆದಿರುತ್ತವೆ. ವೈರಸ್ ಬಿಟ್ಟರೆ ಎರಡು ಮೂರು ದಿನದಲ್ಲಿ ಚಾಪೆ ಹರಿಯುತ್ತದೆ. ಜೊತೆಗೆ ಗಿಡಮೂಲಿಕೆಯ ಸಾರ ಹಾಕಿದಾಗ ಹರಿಯದೆ ಉಳಿದರೆ ಸಾರದಲ್ಲಿ ಏನೋ ಇದೆ ಎಂದು ಲೆಕ್ಕ.

ಬೇರು, ತೊಗಟೆಗಳ ಸಾರ ಮಾತ್ರ ಮಹಾ ಮೋಸಗಾರ. ಬಣ್ಣ ಡಿಕಾಕ್ಷನ್‌ನಂತೆ, ರುಚಿ ಒಗರು. ಆ ಒಗರಿನ ಟ್ಯಾನಿನ್ ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟುತ್ತದೆ, ವೈರಸ್ಸಿನ ಮೈಗೂ ಅಂಟಿ ಮದ್ದೇ ಸಿಕ್ಕಿತೆಂಬ ಭ್ರಮೆ ಹುಟ್ಟಿಸುತ್ತದೆ. ಇನ್ನೊಂದು ಫಜೀತಿ, ಕೋಶ ಬದುಕಿದೆಯೇ ಎಂದು ತಿಳಿಯಲು ಹಾಕುವ ಎಂಟಿಟಿ ಬಣ್ಣದ್ದು. ಜೀವಂತ ಕೋಶ ಈ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ. ಟ್ಯಾನಿನ್‌ನಂಥ ಗಿಡದ ಪಾಲಿಫಿನಾಲ್‌ಗಳೂ ಅದನ್ನೇ ಮಾಡಬಲ್ಲವು. ಹೊಸದರಲ್ಲಿ ನಾನೂ ಕಡುನೇರಳೆ ಗುಳಿ ಕಂಡು ಹಿಗ್ಗಿದ್ದೆ. ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರೆ ಕೋಶಗಳೆಲ್ಲ ಸತ್ತು ಕಿತ್ತುಬಂದಿದ್ದವು! ಆಮೇಲಿಂದ ಕೋಶವೇ ಇಲ್ಲದ ಗುಳಿಗೂ ಸಾರ ಹಾಕಿ ನೋಡುವುದು ರೂಢಿಯಾಯಿತು.

2003ರಲ್ಲಿ ಸಾರ್ಸ್ ಎಂಬ ವೈರಸ್ ಕಾಯಿಲೆ ಹಬ್ಬಿದಾಗ ಜರ್ಮನಿಯ ಫ್ರಾಂಕ್‌ಫರ್ಟ್‌ನ ವಿಜ್ಞಾನಿಗಳು ಗ್ಲಿಸಿರೈಜಿನ್ ಅನ್ನು ಪರೀಕ್ಷಿಸಿದರು. ಚೀನೀ ವೈದ್ಯರ ಗನ್‌ಚಾವ್ ಬೇರಿನಲ್ಲೂ ನಮ್ಮ ಜ್ಯೇಷ್ಠಮಧುವಿನಲ್ಲೂ ಇರುವ ಸಿಹಿ ಅದು. ವೈರಸ್ ತಗ್ಗಿತು. ಕೋಶಗಳಿಗೂ ಅಂಥ ಅಪಾಯವಿರಲಿಲ್ಲ: ಲೀಟರಿಗೆ 20,000 ಮಿಲಿಗ್ರಾಂ ಹಾಕಿದರೂ ಅರ್ಧದಷ್ಟು ಸಾಯಲಿಲ್ಲ. ಆದರೆ ವೈರಸ್ಸನ್ನು ಅರ್ಧಕ್ಕಿಳಿಸಲು ಬೇಕಾದದ್ದು ಲೀಟರಿಗೆ 300 ಮಿಲಿಗ್ರಾಂ. ಬೇರು ಜಗಿದು ರಕ್ತದಲ್ಲಿ ಅಷ್ಟು ತುಂಬಿಸಲಾಗದು. ಗ್ಲಿಸಿರೈಜಿನ್‌ನ ಬಹುಪಾಲನ್ನು ಕರುಳಿನ ಬ್ಯಾಕ್ಟೀರಿಯಾಗಳೇ ಒಡೆದುಹಾಕುತ್ತವೆ.

2005ರಲ್ಲಿ ಚೀನೀ ಸಂಶೋಧಕರು 200ಕ್ಕೂ ಹೆಚ್ಚು ಮೂಲಿಕೆಗಳ ಸಾರವನ್ನು ಅದೇ ವೈರಸ್ಸಿನ ಮೇಲೆ ಸೋಸಿ ನೋಡಿದರು. ಗಟ್ಟಿಯಾಗಿ ನಿಂತವು ನಾಲ್ಕು. ಅವುಗಳಲ್ಲಿ ಕೆಂಪು ಹೂವಿನ ಲೈಕೋರಿಸ್ ಗೆಡ್ಡೆಯಲ್ಲಿನ ಲೈಕೋರಿನ್ ಎಂಬ ರಾಸಾಯನಿಕ 15.7 ನ್ಯಾನೋಮೋಲಾರ್‌ನಲ್ಲೇ, ಅಂದರೆ ಲೀಟರಿಗೆ ಐದು ಮೈಕ್ರೋಗ್ರಾಂಗೂ ಕಡಿಮೆಯಲ್ಲಿ, ಕೆಲಸ ಮಾಡಿತು. ಭರ್ಜರಿ ಅಂಕಿ. ಗೆಡ್ಡೆ ವಿಷ, ತಿಂದರೆ ವಾಂತಿ. ಹೊಟ್ಟೆಗೆ ಒಗ್ಗುವುದು ಮೆತ್ತಗೆ, ಚುರುಕಾದದ್ದು ವಿಷ. ನನ್ನ ಕಸುಬಿನಲ್ಲಿ ಈ ಪೇಚಾಟ ಮುಗಿಯುವುದೇ ಇಲ್ಲ.

"ಹೇಗೂ ಬೇರು ತಾನೇ, ದಿನಾ ಜಗಿದರೆ ನಷ್ಟವೇನು ಮೇಡಂ?" ಎಂದು ಈಗಲೂ ಫೋನ್ ಬರುತ್ತದೆ. ಬಿಪಿ ಮಾತ್ರೆ ತಗೊಳ್ತೀರಾ ಎಂದು ಮೊದಲು ವಿಚಾರಿಸುತ್ತೇನೆ. ಜ್ಯೇಷ್ಠಮಧು ವಾರಗಟ್ಟಲೆ ಹೆಚ್ಚಾಗಿ ಹೊಟ್ಟೆಗೆ ಹೋದರೆ ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಇದಕ್ಕೆ 300 ಮಿಲಿಗ್ರಾಂನ ಆ ಮಟ್ಟ ತಲುಪಬೇಕಾಗಿಯೂ ಇಲ್ಲ.