ಬೀಟಲ್ಸ್ ರೀಮಾಸ್ಟರ್ ಬಾಕ್ಸ್ ಸೆಟ್: ಕಿವಿಗೆ ಬೀಳ್ತಿರೋದು ಯಾವ ಟೇಪು?

2010ರ ಸುಮಾರಿಗೆ ಹಾಸನಕ್ಕೆ ಹೋಗೋ ಕೆಂಪು ಬಸ್ಸಲ್ಲಿ ನಾನೂ ನನ್ನ ಚಿಕ್ಕಪ್ಪನ ಮಗನೂ ಒಂದೇ ಇಯರ್‌ಫೋನ್ ಹಂಚ್ಕೊಂಡು ಹಾಡು ಕೇಳ್ತಾ ಕೂತಿದ್ವಿ, ಎಡಗಿವಿದು ಅವನಿಗೆ, ಬಲಗಿವಿದು ನನಗೆ. ಇಂಗ್ಲೆಂಡಿನ ನಾಲ್ಕು ಜನರ ಬ್ಯಾಂಡು ಬೀಟಲ್ಸ್‌ನ 'ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್' ಹಾಕಿದ್ದೆ. ಅರ್ಧ ನಿಮಿಷ ಆಗಿರ್ಬೇಕು, ಅವನು 'ಅಣ್ಣಾ, ಇದ್ರಲ್ಲಿ ಯಾರೂ ಹಾಡೋದೇ ಇಲ್ವಾ?' ಅಂದ. ನನ್ನ ಕಿವೀಲಿ ನೋಡಿದ್ರೆ ಬರೀ ಹಾಡೇ, ಡ್ರಮ್ಸು ಗಿಟಾರು ಎಲ್ಲ ಪಕ್ಕದ ಮನೇಲಿ ಬಾರಿಸ್ತಿರೋ ಹಂಗೆ ದೂರದಲ್ಲಿ. ಇಯರ್‌ಫೋನ್ ಕೆಟ್ಟಿದೆ ಅನ್ಕೊಂಡು ಪಿನ್ನು ತಿರುಗಿಸಿ ತಿರುಗಿಸಿ ನೋಡಿದ್ವಿ. ಕೆಟ್ಟಿರ್ಲಿಲ್ಲ. 1963ರಲ್ಲಿ ಆ ಹಾಡು ಟೇಪ್ ಮೇಲೆ ಕೂತಿದ್ದೇ ಹಂಗೆ, ವಾದ್ಯ ಒಂದು ಕಡೆ, ದನಿ ಇನ್ನೊಂದು ಕಡೆ.

ಆವತ್ತಿಂದ ನನಗೆ ರೀಮಾಸ್ಟರ್, ಅಂದ್ರೆ ಹಳೇ ಟೇಪಿನ ಹಾಡನ್ನ ಹೊಸದಾಗಿ ಹದ ಮಾಡಿ ಮತ್ತೆ ಬಿಡೋದು, ಅನ್ನೋ ಪದ ಕೇಳಿದ್ರೆ ಮೊದಲು ಬರೋ ಪ್ರಶ್ನೆ 'ಸೌಂಡ್ ಹೆಂಗಿದೆ' ಅಂತ ಅಲ್ಲ, 'ಯಾವ ಟೇಪಿಂದ ಮಾಡಿದ್ದು, ಯಾವ ಮಿಕ್ಸು (ದನಿ, ವಾದ್ಯ ಬೆರೆಸಿದ ರೀತಿ)' ಅಂತ. ಇದು ಗೊತ್ತಿಲ್ದೆ ಬಾಕ್ಸ್ ಸೆಟ್ ಒಂದಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡೋದರಲ್ಲಿ ಏನೂ ಅರ್ಥ ಇಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಬೀಟಲ್ಸ್ ವಿಷಯದಲ್ಲಂತೂ ಈ ಜಗಳ ರೀಮಾಸ್ಟರ್ ಬಾಕ್ಸ್ ಸೆಟ್ಟು ಬಂದ 2009ರಲ್ಲಿ ಶುರುವಾಗಿದ್ದಲ್ಲ, ಅದರ ಬೇರು 1963ರಲ್ಲೇ ಇದೆ.

ಲಂಡನ್ನಿನ ಅಬ್ಬಿ ರೋಡ್‌ನಲ್ಲಿರೋ ಇಎಂಐ ಸ್ಟುಡಿಯೋದಲ್ಲಿ ಮೊದಲ ಆಲ್ಬಮ್ 'ಪ್ಲೀಸ್ ಪ್ಲೀಸ್ ಮಿ'ಯ ಹತ್ತು ಹಾಡುಗಳು 1963ರ ಫೆಬ್ರವರಿ 11ರ ಒಂದೇ ದಿನದಲ್ಲಿ ರೆಕಾರ್ಡ್ ಆದವು. ಇದ್ದಿದ್ದು ಎರಡು ಟ್ರ್ಯಾಕಿನ ಟೇಪ್ ಯಂತ್ರ. ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್, ಇಂಜಿನಿಯರ್ ನಾರ್ಮನ್ ಸ್ಮಿತ್ ಇಬ್ಬರೂ ಒಂದು ಟ್ರ್ಯಾಕಿಗೆ ವಾದ್ಯ, ಇನ್ನೊಂದಕ್ಕೆ ದನಿ ಹಾಕಿದ್ದು ಸ್ಟೀರಿಯೋ (ಎರಡು ಸ್ಪೀಕರಿಗೆ ಬೇರೆ ಬೇರೆ ಶಬ್ದ) ಮಾಡೋಕಲ್ಲ, ಆಮೇಲೆ ಎರಡನ್ನೂ ಸೇರಿಸಿ ಮೊನೊ (ಎಲ್ಲ ಸೇರಿ ಒಂದೇ ಶಬ್ದ) ಮಾಡುವಾಗ ದನಿ ಎಷ್ಟಿರ್ಬೇಕು ವಾದ್ಯ ಎಷ್ಟಿರ್ಬೇಕು ಅಂತ ಹದ ಮಾಡ್ಕೊಳ್ಳೋಕೆ. ಆಗಿನ ಇಂಗ್ಲೆಂಡಲ್ಲಿ ಹುಡುಗ್ರು ಹುಡುಗೀರು ಹಾಡು ಕೇಳ್ತಿದ್ದಿದ್ದು ಒಂದೇ ಸ್ಪೀಕರಿನ ಪ್ಲೇಯರಲ್ಲಿ, ರೇಡಿಯೋದಲ್ಲಿ. ಸ್ಟೀರಿಯೋ ಅನ್ನೋದು ಜಾಸ್ತಿ ದುಡ್ಡಿರೋ ಮನೆಯವರ, ಹೆಚ್ಚಾಗಿ ಶಾಸ್ತ್ರೀಯ ಸಂಗೀತ ಕೇಳೋರ ವಸ್ತು. ಹಾಗಾಗಿ ಮೊನೊ ಮಿಕ್ಸಿಗೆ ಎಲ್ಲ ಗಮನ, ಸ್ಟೀರಿಯೋ ಕೊನೇಲಿ ಬೇಗ ಬೇಗ ಮುಗಿಸೋ ಕೆಲಸ. 1963ರ ಅಕ್ಟೋಬರಿಂದ ನಾಲ್ಕು ಟ್ರ್ಯಾಕಿನ ಯಂತ್ರ ಬಂತು, 1968ರಲ್ಲಿ ಎಂಟು ಟ್ರ್ಯಾಕು, ಆದ್ರೂ ಮೊನೊನೇ ಮೊದಲು ಅನ್ನೋ ಅಭ್ಯಾಸ ಬಹಳ ವರ್ಷ ಹೋಗ್ಲಿಲ್ಲ.

'ಸಾರ್ಜೆಂಟ್ ಪೆಪ್ಪರ್' ತಗೊಳ್ಳಿ, 1967. ಮೊನೊ ಮಿಕ್ಸಿಗೆ ನಾಲ್ಕೂ ಜನ ಜಾರ್ಜ್ ಮಾರ್ಟಿನ್ ಮತ್ತೆ ಇಂಜಿನಿಯರ್ ಜೆಫ್ ಎಮೆರಿಕ್ ಜೊತೆ ಕೂತು ತಿದ್ದಿಸಿ ತಿದ್ದಿಸಿ ಒಪ್ಪಿಗೆ ಕೊಟ್ರು, ಸ್ಟೀರಿಯೋ ಮಿಕ್ಸನ್ನ ಆಮೇಲೆ ಅವರಿಲ್ಲದೇ ಕೆಲವೇ ದಿನದಲ್ಲಿ ಮಾಡಿ ಮುಗಿಸಿದ್ರು. ಇದು ಬರೀ ಕಥೆ ಅಲ್ಲ, ಕಿವಿಗೆ ಕೇಳುತ್ತೆ. 'ಶೀ ಈಸ್ ಲೀವಿಂಗ್ ಹೋಮ್' ಮೊನೊದಲ್ಲಿ ಸ್ವಲ್ಪ ವೇಗ ಜಾಸ್ತಿ, ಶ್ರುತಿ ಸುಮಾರು ಅರ್ಧ ಸ್ವರ ಮೇಲಿದೆ. ಸ್ಟೀರಿಯೋದಲ್ಲಿ ಅದೇ ಹಾಡು ಎಳೆದಂಗೆ ಇರುತ್ತೆ, ಅದನ್ನೇ ಕೇಳಿ ಬೆಳೆದೋರಿಗೆ ಆ ನಿಧಾನವೇ ಹಾಡಿನ ದುಃಖ ಅನ್ಸಿರ್ಬೋದು. ಮಾರನೇ ವರ್ಷದ 'ಹೆಲ್ಟರ್ ಸ್ಕೆಲ್ಟರ್'ನಲ್ಲಿ ಕೊನೆಗೆ ಡ್ರಮ್ಸ್ ಬಾರಿಸೋ ರಿಂಗೋ ಬೆರಳಲ್ಲಿ ಬೊಬ್ಬೆ ಬಂದಿದೆ ಅಂತ ಕಿರುಚ್ತಾನಲ್ಲ, ಅದು ಸ್ಟೀರಿಯೋದಲ್ಲಿ ಮಾತ್ರ ಇದೆ, ಮೊನೊ ಅದಕ್ಕೂ ಮುಂಚೆನೇ ಮುಗ್ದೋಗುತ್ತೆ. ಅಂದ್ರೆ ಒಂದೇ ಹೆಸರಿನ ಎರಡೆರಡು ಆಲ್ಬಮ್ ಇವೆ ಅಂತಲೇ ಲೆಕ್ಕ.

ಇದರಲ್ಲಿ ನಮ್ಮ ದೇಶದ್ದೂ ಒಂದು ತುಂಡು ಇದೆ. 1968ರ ಜನವರೀಲಿ ಬೀಟಲ್ಸ್‌ನ ಗಿಟಾರ್‌ಕಾರ ಜಾರ್ಜ್ ಹ್ಯಾರಿಸನ್ ಬೊಂಬಾಯಿಯ ಎಚ್ಎಂವಿ ಸ್ಟುಡಿಯೋಗೆ ಬಂದು ಸಿನಿಮಾ ಒಂದಕ್ಕೆ ಸಂಗೀತ ರೆಕಾರ್ಡ್ ಮಾಡ್ದಾಗ ಅಲ್ಲಿದ್ದಿದ್ದು ಮೊನೊ ಯಂತ್ರ ಮಾತ್ರ, ಎರಡು ಟ್ರ್ಯಾಕಿನ ಸ್ಟೀರಿಯೋ ಯಂತ್ರವನ್ನ ಕಂಪನಿಯ ಭಾಸ್ಕರ್ ಮೆನನ್ ಕಲ್ಕತ್ತಾದಿಂದ ರೈಲಲ್ಲಿ ತರಿಸಿಕೊಟ್ರು ಅಂತ ಹ್ಯಾರಿಸನ್ನೇ ನೆನಪಿಸ್ಕೊಂಡಿದಾರೆ. ಅದೇ ಸಮಯದಲ್ಲಿ ನಮ್ಮ ವಾದ್ಯಗಾರರು ನುಡಿಸಿದ್ದರ ಮೇಲೆ ಲಂಡನ್ನಲ್ಲಿ ದನಿ ಕೂಡಿಸಿ 'ದಿ ಇನ್ನರ್ ಲೈಟ್' ಆಯ್ತು, ಅದು ಬಾಕ್ಸ್ ಸೆಟ್ಟಿನ ಸಿಂಗಲ್ಸ್ ಡಿಸ್ಕಲ್ಲಿದೆ. ಅದರಲ್ಲಿ ಸರೋದು, ಶಹನಾಯಿ ಕೇಳಿದಾಗೆಲ್ಲ ನನಗೆ ಆ ರೈಲಿನ ಕಥೆ ನೆನಪಾಗುತ್ತೆ.

ಸಿಡಿ ಕಾಲಕ್ಕೆ ಬರೋಣ. 1987ರ ಫೆಬ್ರವರಿ 26ಕ್ಕೆ ಮೊದಲ ನಾಲ್ಕು ಆಲ್ಬಮ್ ಸಿಡೀಲಿ ಬಂದ್ವು, ಮೊನೊದಲ್ಲಿ ಮಾತ್ರ. ನಂತರದ 'ಹೆಲ್ಪ್' ಮತ್ತೆ 'ರಬ್ಬರ್ ಸೋಲ್' ಎರಡರ ಹಳೇ ಸ್ಟೀರಿಯೋ ಜಾರ್ಜ್ ಮಾರ್ಟಿನ್‌ಗೇ ಇಷ್ಟ ಆಗ್ಲಿಲ್ಲ, ಕೂತು ಹೊಸದಾಗಿ ಮಿಕ್ಸ್ ಮಾಡಿದ್ರು, ಸ್ವಲ್ಪ ಡಿಜಿಟಲ್ ಎಕೋನೂ ಸೇರಿತು. ಉಳಿದಿದ್ದೆಲ್ಲ ಸ್ಟೀರಿಯೋದಲ್ಲೇ ಬಂತು. ಆಗಿನ ಡಿಜಿಟಲ್ ಪರಿವರ್ತನೆಯ ಯಂತ್ರಗಳು ಇನ್ನೂ ಎಳೇವು, ಆ ಸಿಡಿಗಳು ಕೇಳೋಕೆ ತೆಳು, ಬೇಸ್ ಕಮ್ಮಿ, ಮೇಲಿನ ಸ್ವರ ಸ್ವಲ್ಪ ಚುಚ್ಚೋ ಹಂಗೆ. ತೊಂದ್ರೆ ಏನಪ್ಪಾ ಅಂದ್ರೆ ಜಗತ್ತಿನ ಅಷ್ಟು ದೊಡ್ಡ ಬ್ಯಾಂಡಿನ ಅಧಿಕೃತ ದನಿ ಅಂತ ಅವೇ ಸಿಡಿಗಳು 22 ವರ್ಷ ಅಂಗಡೀಲಿ ಕೂತಿದ್ವು. ಉಳಿದ ಬ್ಯಾಂಡುಗಳ ಕ್ಯಾಟಲಾಗ್ ಎರಡೆರಡು ಸಲ ರೀಮಾಸ್ಟರ್ ಆಗಿ ಬಂದ್ರೂ ಇವರದ್ದು ಬರ್ಲಿಲ್ಲ.

ತಡ ಆಗಿದ್ದಕ್ಕೆ ಒಂದು ಲಾಭನೂ ಆಯ್ತು, ಆದ್ರೆ ಅದನ್ನ ಹೇಳೋಕೆ ಮುಂಚೆ ಲೌಡ್‌ನೆಸ್ ಜಗಳ ಏನು ಅಂತ ಹೇಳ್ಬೇಕು. ಸಿಡಿಗೆ ಒಂದು ಮೇಲಿನ ಮಿತಿ ಇದೆ, ಅದರ ಮೇಲೆ ಶಬ್ದ ಹೋಗೋಕಾಗಲ್ಲ. ಹಾಡಿನಲ್ಲಿ ಡ್ರಮ್ಮಿನ ಏಟು ಥಟ್ ಅಂತ ಮೇಲೆ ಏಳುತ್ತೆ, ದನಿ ಅದಕ್ಕಿಂತ ಕೆಳಗಿರುತ್ತೆ. ಲಿಮಿಟರ್ ಅನ್ನೋ ಸಾಧನ ಆ ಏಟುಗಳ ತಲೆ ಅಮುಕಿ, ಉಳಿದಿದ್ದನ್ನೆಲ್ಲ ಮೇಲಕ್ಕೆ ಎತ್ತುತ್ತೆ. ಕೇಳಿದ ತಕ್ಷಣ 'ಆಹಾ ಎಷ್ಟು ಜೋರಾಗಿದೆ' ಅನ್ಸುತ್ತೆ, ಹತ್ತು ನಿಮಿಷ ಆದ್ಮೇಲೆ ತಲೆ ಭಾರ ಆಗುತ್ತೆ, ಯಾಕಂದ್ರೆ ಮೆತ್ತಗಿರೋದು ಜೋರಾಗಿರೋದು ಎರಡೂ ಒಂದೇ ಎತ್ತರಕ್ಕೆ ಬಂದು ನಿಂತಿರುತ್ತೆ, ಉಸಿರಾಡೋಕೆ ಜಾಗ ಇರಲ್ಲ. 90ರ ದಶಕದಿಂದ ಎಲ್ಲ ಕಂಪನಿಗಳೂ ಪೈಪೋಟಿ ಮೇಲೆ ಇದನ್ನೇ ಮಾಡಿದ್ವು. 2008ರಲ್ಲಿ ಮೆಟಾಲಿಕಾ ಬ್ಯಾಂಡಿನ 'ಡೆತ್ ಮ್ಯಾಗ್ನೆಟಿಕ್' ಆಲ್ಬಮ್ ಬಂದಾಗ ಅದು ಮಿತಿ ಮೀರಿತು, ಅದೇ ಹಾಡುಗಳು ಒಂದು ವಿಡಿಯೋ ಗೇಮಲ್ಲಿ ಇಷ್ಟು ಅಮುಕದೇ ಬಂದಿದ್ವು, ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ ಸಿಡಿಯನ್ನ ಮತ್ತೆ ಮಿಕ್ಸ್ ಮಾಡಿಕೊಡಿ ಅಂತ ಸಹಿ ಸಂಗ್ರಹ ಮಾಡಿದ್ರು.

ಇದಾದ ಮಾರನೇ ವರ್ಷ, 2009ರ ಸೆಪ್ಟೆಂಬರ್ 9ಕ್ಕೆ, ಬೀಟಲ್ಸ್ ಬಾಕ್ಸ್ ಸೆಟ್ಟುಗಳು ಬಂದ್ವು. ಒಂದಲ್ಲ, ಎರಡು. ಸ್ಟೀರಿಯೋ ಪೆಟ್ಟಿಗೇಲಿ ಎಲ್ಲ ಆಲ್ಬಮ್ಮೂ 16 ಸಿಡಿ, ಮೊನೊ ಪೆಟ್ಟಿಗೇಲಿ 13 ಸಿಡಿ. ಅಬ್ಬಿ ರೋಡಲ್ಲಿ ಅಲನ್ ರೌಸ್ ಮೇಲ್ವಿಚಾರಣೇಲಿ ಗೈ ಮ್ಯಾಸಿ, ಸ್ಟೀವ್ ರೂಕ್, ಪಾಲ್ ಹಿಕ್ಸ್, ಶಾನ್ ಮೆಗೀ ಇವರೆಲ್ಲ ಸೇರಿ ನಾಲ್ಕು ವರ್ಷ ಮಾಡಿದ ಕೆಲಸ. ಮೂಲ ಮಾಸ್ಟರ್ ಟೇಪನ್ನ ಒಂದೊಂದೇ ಹಾಡಂತೆ 24 ಬಿಟ್ 192 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸ್ಕೊಂಡ್ರು, ಪ್ರತಿ ಹಾಡು ಮುಗಿದ ಮೇಲೂ ಟೇಪ್ ಹೆಡ್ ಒರೆಸಿದ್ರು. ಕ್ಯಾಸೆಟ್ ಕಾಲದೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ, ಹತ್ತಿಗೆ ಸ್ಪಿರಿಟ್ ಹಾಕಿ ಹೆಡ್ ಒರೆಸಿದಾಗ ಕಂದು ಬಣ್ಣದ ಧೂಳು ಬರ್ತಿತ್ತಲ್ಲ, ಅದೇ. ಒಟ್ಟು 525 ನಿಮಿಷದ ಸಂಗೀತದಲ್ಲಿ ಟೇಪಿನ ಸುಯ್ ಶಬ್ದ ತೆಗೆಯೋ ಸಾಫ್ಟ್‌ವೇರ್ ಬಳಸಿದ್ದು ಐದು ನಿಮಿಷಕ್ಕಿಂತ ಕಮ್ಮಿ. ಕೆಟ್ಟ ಎಡಿಟ್ಟು, ಮೈಕಿಗೆ ಪಟ್ ಅಂತ ಹೊಡೆದ ಗಾಳಿ ಇಂಥವನ್ನ ಮಾತ್ರ ಸರಿ ಮಾಡಿ, ಕೆಮ್ಮು, ಉಸಿರು, ಕುರ್ಚಿ ಕಿರುಗುಟ್ಟಿದ್ದು ಹಂಗೇ ಬಿಟ್ರು. ಲಿಮಿಟರ್ ಸ್ಟೀರಿಯೋ ಸೆಟ್ಟಿಗೆ 3-4 ಡೆಸಿಬಲ್ ಅಷ್ಟೇ, ಮೊನೊ ಸೆಟ್ಟಿಗೆ ಇಲ್ವೇ ಇಲ್ಲ. ತಡ ಮಾಡಿದ್ದರಿಂದ ಆದ ಲಾಭ ಇದು. 2000ದಲ್ಲೇ ಅವಸರದಲ್ಲಿ ಮಾಡಿದ್ರೆ ಆ ಜೋರಿನ ಪೈಪೋಟಿಗೆ ಇದೂ ಬಲಿ ಆಗೋ ಸಾಧ್ಯತೆ ತುಂಬಾನೇ ಇತ್ತು.

ಹಂಗಾದ್ರೆ ತೀರ್ಪು ಏನು? ನನ್ನ ಪ್ರಕಾರ 'ವೈಟ್ ಆಲ್ಬಮ್' ತನಕ ಮೊನೊ ಪೆಟ್ಟಿಗೇನೇ ನಿಜವಾದ ಬೀಟಲ್ಸ್, ಅದರಲ್ಲೂ 'ರಿವಾಲ್ವರ್'. ಸ್ಟೀರಿಯೋದಲ್ಲಿ 'ಎಲಿನಾರ್ ರಿಗ್ಬಿ' ಕೇಳಿದ್ರೆ ಚರಣದಲ್ಲಿ ಪಾಲ್ ಮೆಕಾರ್ಟ್ನಿ ಒಬ್ಬನೇ ಬಲಗಿವಿ ಪಕ್ಕ ನಿಂತು ಹಾಡ್ತಾನೆ, ಪಿಟೀಲು ಚೆಲ್ಲೋ ಎಲ್ಲ ಬೇರೆ ಕಡೆ, ಮೊನೊದಲ್ಲಿ ದನಿ ಆ ತಂತಿಗಳ ನಡುವೆ ಸಿಕ್ಕಾಕೊಂಡ ಹಂಗೆ ಇದೆ, ಹಾಡು ಹೇಳ್ತಿರೋ ಒಂಟಿತನಕ್ಕೆ ಅದೇ ಸರಿ. 'ಅಬ್ಬಿ ರೋಡ್' ಮತ್ತೆ 'ಲೆಟ್ ಇಟ್ ಬಿ'ಗೆ ಅವರ ಕಡೆಯಿಂದ ಮೊನೊ ಮಿಕ್ಸೇ ಆಗ್ಲಿಲ್ಲ, ಅಲ್ಲಿ ಸ್ಟೀರಿಯೋನೇ ಮೂಲ, ಅದು 2009ರ ಸೆಟ್ಟಲ್ಲಿ ಬಹಳ ಚೆನ್ನಾಗಿ ಬಂದಿದೆ. ಸ್ಟೀರಿಯೋ ಪೆಟ್ಟಿಗೆ ಮೇಲೆ ನನಗಿರೋ ಬೇಜಾರು 'ರಬ್ಬರ್ ಸೋಲ್' ಮತ್ತೆ 'ಹೆಲ್ಪ್' ಬಗ್ಗೆ. ಅದರಲ್ಲಿ ಹಾಕಿದ್ದು 1965ರ ಮಿಕ್ಸಲ್ಲ, ಮಾರ್ಟಿನ್ ಸಿಡಿಗೋಸ್ಕರ ಮಾಡಿದ ಎರಡನೇ ಮಿಕ್ಸು. 1965ರ ಮೂಲ ಸ್ಟೀರಿಯೋ ಬೇಕು ಅಂದ್ರೆ ಮೊನೊ ಪೆಟ್ಟಿಗೆ ಕೊಳ್ಬೇಕು, ಅದನ್ನ ಅದೇ ಡಿಸ್ಕಲ್ಲಿ ಮೊನೊ ಹಿಂದೆ ಸೇರಿಸಿಟ್ಟಿದಾರೆ. ಕೊಳ್ಳೋನಿಗೆ ಇದು ಹೆಂಗೆ ಗೊತ್ತಾಗ್ಬೇಕು ಹೇಳಿ. ಆ ಮೊನೊ ಪೆಟ್ಟಿಗೆ ಬೇರೆ ಲಿಮಿಟೆಡ್ ಎಡಿಷನ್ ಅಂತ ಬಿಟ್ಟಿದ್ದು, ಹಾಡು ಮಾಡಿದ ಜನ ತಾವೇ ಕೂತು ಒಪ್ಪಿದ ಮಿಕ್ಸನ್ನ ಕಂಪನಿಯೋರು ಸಂಗ್ರಹಕಾರರ ಸಾಮಾನು ಮಾಡಿಬಿಟ್ರು.

ಎಲ್ಪಿ ಕಥೇಲೂ ಇದೇ ಏರಿಳಿತ. 2012ರಲ್ಲಿ ಸ್ಟೀರಿಯೋ ಎಲ್ಪಿ ಪೆಟ್ಟಿಗೆ ಬಂತು, ಡಿಜಿಟಲ್ ಫೈಲಿಂದ ಕಟ್ ಮಾಡಿದ್ದು, ಕೊಂಡೋರು ಬಹಳ ಜನ ಮುಖ ಸಿಂಡರಿಸಿದ್ರು. 2014ರ ಮೊನೊ ಎಲ್ಪಿಗಳಿಗೆ ಶಾನ್ ಮೆಗೀ ಮತ್ತೆ ಸ್ಟೀವ್ ಬರ್ಕೊವಿಟ್ಜ್ ಕಂಪ್ಯೂಟರ್ ಮುಟ್ಟಲೇ ಇಲ್ಲ, ಮೂಲ ಟೇಪಿಂದ ನೇರ ಕಟಿಂಗ್ ಯಂತ್ರಕ್ಕೆ ಕೊಟ್ರು.

2017ರಿಂದ ವಿಷಯ ಇನ್ನೊಂದು ದಿಕ್ಕಿಗೆ ಹೋಯ್ತು. ಜಾರ್ಜ್ ಮಾರ್ಟಿನ್ ಮಗ ಜೈಲ್ಸ್ ಮಾರ್ಟಿನ್ 'ಸಾರ್ಜೆಂಟ್ ಪೆಪ್ಪರ್'ನಿಂದ ಶುರು ಮಾಡಿ 'ವೈಟ್ ಆಲ್ಬಮ್', 'ಅಬ್ಬಿ ರೋಡ್', 'ಲೆಟ್ ಇಟ್ ಬಿ', 'ರಿವಾಲ್ವರ್' ಒಂದೊಂದನ್ನೇ ಹೊಸದಾಗಿ ಮಿಕ್ಸ್ ಮಾಡಿ ಪೆಟ್ಟಿಗೆ ತಂದ್ರು. ಇದು ರೀಮಾಸ್ಟರ್ ಅಲ್ಲ, ರೀಮಿಕ್ಸ್, ಎರಡನ್ನೂ ಒಂದೇ ಅಂತ ಬರೆಯೋರು ತುಂಬ ಜನ. ರೀಮಾಸ್ಟರ್ ಅಂದ್ರೆ ಕುದ್ದು ಇಳಿಸಿದ ಹುಳಿ, ಒಗ್ಗರಣೆ ಹಾಕ್ಬೋದು, ಬಿಸಿ ಮಾಡ್ಬೋದು, ಒಳಗೆ ಬಿದ್ದ ಉಪ್ಪು ತೆಗೆಯೋಕಾಗಲ್ಲ. ರೀಮಿಕ್ಸಲ್ಲಿ ಹೆಚ್ಚಿಟ್ಟ ತರಕಾರಿ, ಬೇಳೆ, ಪುಡಿ ಎಲ್ಲ ಬೇರೆ ಬೇರೆ ಸಿಗುತ್ತೆ, ಅಡುಗೆನೇ ಹೊಸದು. ಆಗಿನ ನಾಲ್ಕು ಟ್ರ್ಯಾಕ್ ತುಂಬಿದಾಗ ಅವನ್ನೆಲ್ಲ ಸೇರಿಸಿ ಬೇರೆ ಟೇಪಿಗೆ ಇಳಿಸಿ ಜಾಗ ಮಾಡ್ಕೊಳ್ತಿದ್ರು, ಪ್ರತಿ ಸಲ ಇಳಿಸಿದಾಗ ಸ್ವಲ್ಪ ಸ್ವಲ್ಪ ಸೊಗಸು ಹೋಗ್ತಿತ್ತು, ಜೈಲ್ಸ್ ಆ ಮೊದಲಿನ ಟೇಪುಗಳಿಗೇ ಹೋದ್ರು, ಅದಕ್ಕೇ ಡ್ರಮ್ಸ್ ಅಷ್ಟು ಹತ್ತಿರ ಕೇಳೋದು. 'ರಿವಾಲ್ವರ್'ನ 'ಟ್ಯಾಕ್ಸ್‌ಮನ್'ನಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಮೂರೂ ಒಂದೇ ಟ್ರ್ಯಾಕಲ್ಲಿ ಇದ್ವು, 2022ರಲ್ಲಿ ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರ್ ಅದನ್ನ ಬಿಡಿಸಿ ಕೊಡ್ತು. ನಮ್ಮ ಬಸ್ಸಿನ ಸಮಸ್ಯೆಗೆ ಇಂಥ ಮಿಕ್ಸಲ್ಲಿ ಪರಿಹಾರ ಇದೆ, 'ಎಲಿನಾರ್ ರಿಗ್ಬಿ'ಯಲ್ಲಿ ಪಾಲ್ ಈಗ ಮಧ್ಯದಲ್ಲಿ ನಿಂತು ಹಾಡ್ತಾನೆ. ಕೇಳೋಕೆ ಖುಷಿ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇದು 1966ರ ಜನ ಮಾಡಿದ ತೀರ್ಮಾನ ಅಲ್ಲ, ಆ ಪೆಟ್ಟಿಗೇಲೇ ಹಳೇ ಮೊನೊನೂ ಇಟ್ಟಿರೋದು ಅದಕ್ಕೇ ನನಗೆ ದೊಡ್ಡ ಸಮಾಧಾನ.

ನೀವೇ ಹೋಲಿಸಿ ನೋಡೋದಾದ್ರೆ ಮೊದಲು ವಾಲ್ಯೂಮ್ ಸಮ ಮಾಡ್ಕೊಳ್ಳಿ. ಕಿವಿಗೆ ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ, ಒಂದು ಡೆಸಿಬಲ್ ಹೆಚ್ಚು ಕಮ್ಮಿ ಆದ್ರೂ ಸಾಕು ಮೋಸ ಹೋಗ್ತೀವಿ. ಜೋರಾಗಿರೋದನ್ನ ಒಂದೆರಡು ಗೆರೆ ಇಳಿಸಿ, ಎರಡೂ ಒಂದೇ ಮಟ್ಟಕ್ಕೆ ಬಂದ್ಮೇಲೆ ಡ್ರಮ್ಮಿನ ಏಟು ಯಾವುದರಲ್ಲಿ ಎದ್ದು ಬರುತ್ತೆ ಕೇಳಿ.

ಆಮೇಲೆ ರಾತ್ರಿ ಬೀದಿ ಸದ್ದೆಲ್ಲ ಅಡಗಿದ ಮೇಲೆ, ಫ್ಯಾನ್ ಆಫ್ ಮಾಡಿ, 'ಎ ಡೇ ಇನ್ ದಿ ಲೈಫ್'ನ ಕೊನೆ ಹಾಕಿ. 1967ರ ಫೆಬ್ರವರಿ 22ರ ರಾತ್ರಿ ಹಲವು ಪಿಯಾನೋಗಳ ಮೇಲೆ ಒಟ್ಟಿಗೆ ಒತ್ತಿದ ಒಂದೇ ಕಾರ್ಡ್ (ಸ್ವರಗಳ ಗೊಂಚಲು), ನಲವತ್ತು ಸೆಕೆಂಡಿಗೂ ಜಾಸ್ತಿ ಎಳೆಯುತ್ತೆ. ಅದು ಕರಗ್ತಾ ಹೋದ ಹಂಗೆ ಇಂಜಿನಿಯರುಗಳು ಶಬ್ದ ಏರಿಸೋ ಫೇಡರ್ ಮೇಲಕ್ಕೆ ತಳ್ತಾ ಹೋದ್ರು, ಅದರಿಂದ ಪಿಯಾನೋ ಕಮ್ಮಿ ಆದಷ್ಟೂ ರೂಮಿನ ಗಾಳಿ ಜಾಸ್ತಿ ಆಗುತ್ತೆ. ಟೇಪಿನ ಸುಯ್ ತೆಗೀತೀನಿ ಅಂತ ಯಾರಾದ್ರೂ ಹೋಗಿದ್ರೆ ಕಾರ್ಡಿನ ಬಾಲವೂ ಅದರ ಜೊತೆಗೇ ಹೋಗ್ತಿತ್ತು. 2009ರ ಮೊನೊ ಡಿಸ್ಕಲ್ಲಿ ನಾನು ಅದನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಇನ್ನೇನು ಮುಗೀತು ಅನ್ನೋವಾಗ ಯಾರೋ ಸ್ವಲ್ಪ ಅಲುಗಾಡ್ತಾರೆ, ಕುರ್ಚಿ ಕಿರ್ ಅನ್ನುತ್ತೆ.