ಓದುಗರ ಪ್ರಶ್ನೆ: ಮೈಸೂರಿನ ಹತ್ತಿರ ಮಕ್ಕಳ ಜೊತೆ ಟೆಂಟ್ ಹಾಕೋಕೆ ಜಾಗ ಎಲ್ಲಿ?

"ಸರ್, ಮೈಸೂರಿಂದ ಒಂದೂವರೆ ಗಂಟೆಯೊಳಗೆ, ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗಿ ಒಂದು ರಾತ್ರಿ ಟೆಂಟಲ್ಲಿ ಕಳೆಯೋಕೆ ಒಳ್ಳೆ ಜಾಗ ಹೇಳಿ. ಹಿನ್ನೀರಿನ ಪಕ್ಕ ಇದ್ರೆ ಇನ್ನೂ ಒಳ್ಳೇದು."

ದಸರಾ ರಜೆ ಹತ್ತಿರ ಬಂದರೆ ಈ ಪ್ರಶ್ನೆ ಬರುತ್ತದೆ. ಕ್ರಿಸ್‌ಮಸ್ ರಜೆಗೆ ಮತ್ತೆ ಬರುತ್ತದೆ. ಕೇಳುವವರು ಬೇರೆ, ಕೊನೆಯ ವಾಕ್ಯ ಮಾತ್ರ ಅದೇ. ಆ ವಾಕ್ಯದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನೇರ ಉತ್ತರ.

ಗೊತ್ತಿರುವವರ ತೋಟ. ಇಷ್ಟೇ. ಪಾಂಡವಪುರ, ಕೆ.ಆರ್. ನಗರ, ಹುಣಸೂರು, ನಂಜನಗೂಡು, ಯಾವ ದಿಕ್ಕಿಗೆ ಹೋದರೂ ನಿಮ್ಮ ಆಫೀಸಿನಲ್ಲಿ ಒಬ್ಬರಿಗಾದರೂ ಅಲ್ಲೊಂದು ತೋಟ ಇದ್ದೇ ಇರುತ್ತದೆ. ಅಲ್ಲಿ ಪಂಪ್‌ಸೆಟ್ ನೀರಿರುತ್ತದೆ, ಕಾರು ಟೆಂಟಿನ ಪಕ್ಕದವರೆಗೂ ಬರುತ್ತದೆ, ಕೂಗಿದರೆ ಓಗೊಡುವ ಮನೆಯಿರುತ್ತದೆ, ಶೌಚಾಲಯವಿರುತ್ತದೆ. ಕೊನೆಯದನ್ನು ಗಂಡಸರು ಕೇಳುವುದೇ ಇಲ್ಲ, ಹೆಂಗಸರು ಮೊದಲು ಕೇಳುತ್ತಾರೆ. ಶೌಚಾಲಯ ಇಲ್ಲದ ಜಾಗ ಎಷ್ಟೇ ಚೆನ್ನಾಗಿರಲಿ, ಸಂಸಾರ ಸಮೇತ ಹೋಗುವ ಜಾಗ ಅಲ್ಲ. ಒಂದೇ ಎಚ್ಚರಿಕೆ: ತೆಂಗಿನ ಮರದ ಕೆಳಗೆ ಟೆಂಟ್ ಬೇಡ. ತೆಂಗಿನಕಾಯಿಗೆ ಮೂರು ಕಣ್ಣಿದ್ದರೂ ಕೆಳಗೆ ಮಲಗಿದವರು ಅದಕ್ಕೆ ಕಾಣುವುದಿಲ್ಲ. ಕಾಯಿ ಬೀಳದಿದ್ದರೆ ಒಣಗಿದ ಗರಿ ಬೀಳುತ್ತದೆ.

ತೋಟದವರು ಯಾರೂ ಸಿಗಲಿಲ್ಲವೆಂದರೆ ಪಾಂಡವಪುರದ ಹತ್ತಿರದ ಕುಂತಿಬೆಟ್ಟದ ಆಸುಪಾಸಿನಲ್ಲಿ ದುಡ್ಡು ತೆಗೆದುಕೊಂಡು ಟೆಂಟ್ ಕೊಡುವವರಿದ್ದಾರೆ. ಹಗಲು ಹೊತ್ತಿನಲ್ಲಿ ಹೋಗಿ ಜಾಗ ನೋಡಿಕೊಂಡು ಬಂದ ಮೇಲೆಯೇ ಮುಂಗಡ ಕೊಡಿ. ಇನ್ನೂ ಅರ್ಧ ಗಂಟೆ ಹೆಚ್ಚು ಓಡಿಸುವುದಾದರೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ ಅಥವಾ ಕಾವೇರಿ ದಡದ ಭೀಮೇಶ್ವರಿ ಇವೆ. ಎರಡೂ ಸರ್ಕಾರದ ಜಂಗಲ್ ಲಾಡ್ಜಸ್‌ನವು. ಜೇಬಿಗೆ ಭಾರ, ಆದರೆ ಊಟ, ಹಾಸಿಗೆ, ಕಾವಲು ಯಾವುದರ ಚಿಂತೆಯೂ ನಿಮಗಿಲ್ಲ. ಬಂಡೀಪುರ, ನಾಗರಹೊಳೆ ಕಾಡಿನೊಳಗೆ ನಿಮ್ಮದೇ ಟೆಂಟ್ ಹಾಕುವಂತಿಲ್ಲ. ಗೋಪಾಲಸ್ವಾಮಿ ಬೆಟ್ಟದಲ್ಲಿ ರಾತ್ರಿ ಉಳಿಯುವಂತಿಲ್ಲ. ದಯವಿಟ್ಟು ಇದನ್ನು ಮತ್ತೆ ಕೇಳಬೇಡಿ.

ಈಗ ಆ ಹಿನ್ನೀರಿನ ವಿಚಾರ.

ನೀರಿನ ಅಂಚಿನಲ್ಲಿ ಟೆಂಟ್ ಹಾಕಿದರೆ ತಂಪು, ಬಯಲಾದ್ದರಿಂದ ಯಾವ ಪ್ರಾಣಿ ಬಂದರೂ ಕಾಣುತ್ತದೆ, ಆದ್ದರಿಂದ ಅದೇ ಎಲ್ಲಕ್ಕಿಂತ ಸುರಕ್ಷಿತ ಅನ್ನುವ ನಂಬಿಕೆ ಎಲ್ಲಿಂದ ಹುಟ್ಟಿತೋ ನನಗೆ ಗೊತ್ತಿಲ್ಲ. ಫೋಟೋಗಳಿಂದ ಇರಬೇಕು. ಕೇಸರಿ ಟೆಂಟು, ಹಿಂದೆ ನೀಲಿ ನೀರು. ಸ್ವಾಮಿ, ಆ ಫೋಟೋ ತೆಗೆದದ್ದು ಸಂಜೆ ಆರಕ್ಕೆ. ರಾತ್ರಿ ಮೂರಕ್ಕೆ ಅಲ್ಲಿ ಏನಾಗುತ್ತಿತ್ತು ಅಂತ ಯಾರೂ ಫೋಟೋ ಹಾಕುವುದಿಲ್ಲ.

ಹಿನ್ನೀರು ಕೆರೆಯಲ್ಲ, ಸಮುದ್ರವೂ ಅಲ್ಲ. ಅದು ಅಳೆದು ತುಂಬಿಸಿ ಅಳೆದು ಖಾಲಿ ಮಾಡುವ ಪಾತ್ರೆ. ಕೆ.ಆರ್.ಎಸ್. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮೈಸೂರಿನವರಿಗೆ ಬಾಯಿಪಾಠ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರಿನಲ್ಲಿ ಇಂದಿನ ಮಟ್ಟ ಇಷ್ಟು ಅಂತ ಓದಿ ಖುಷಿಪಡುವವರೂ ನಾವೇ. ಆ ನೀರು ಏರುವುದು ನಿಮ್ಮ ತಲೆ ಮೇಲಿನ ಮಳೆಯಿಂದಲ್ಲ, ಕೊಡಗಿನ ಮಳೆಯಿಂದ. ಹಿನ್ನೀರಿನ ಪಕ್ಕದ ಹೊಸಕನ್ನಂಬಾಡಿಯಲ್ಲಿ ನಕ್ಷತ್ರ ಎಣಿಸುತ್ತಾ ಮಲಗಿದ್ದರೂ ಭಾಗಮಂಡಲದಲ್ಲಿ ನಿನ್ನೆ ಸುರಿದದ್ದು ನಿಮ್ಮ ಕಡೆಗೇ ಬರುತ್ತಿರುತ್ತದೆ.

ಒಂದು ಅಡಿ ಏರಿದರೆ ಏನು ಮಹಾ ಅಂತ ಕೇಳುತ್ತೀರಿ. ಲೆಕ್ಕ ಹಾಕೋಣ. ಟೆಂಟ್ ಹಾಕಲು ನೀವು ಹುಡುಕುವುದೇ ಚಪ್ಪಟೆ ಜಾಗವನ್ನು. ಐವತ್ತು ಅಡಿ ದೂರಕ್ಕೆ ಒಂದು ಅಡಿ ಮಾತ್ರ ಇಳಿಜಾರಿರುವ ದಡ ಅಂದುಕೊಳ್ಳಿ. ಅಲ್ಲಿ ನೀರು ಒಂದು ಅಡಿ ಏರಿದರೆ ಐವತ್ತು ಅಡಿ ಮುಂದಕ್ಕೆ ಬರುತ್ತದೆ, ಸದ್ದಿಲ್ಲದೆ. ನಾನೇ ಒಂದು ಜುಲೈನಲ್ಲಿ ಇದನ್ನು ಕಲಿತೆ. ಬೆಳಗಿನ ಜಾವ ಎದ್ದಾಗ ಭಾವನ ಚಪ್ಪಲಿ ತೇಲುತ್ತಿತ್ತು. ಅಂದಿನಿಂದ ಎಲ್ಲಿಗೇ ಹೋದರೂ ಸಂಜೆ ನೀರಿನ ಅಂಚಿಗೆ ಒಂದು ಕೋಲು ನೆಟ್ಟು, ಮಲಗುವ ಮುಂಚೆ ಮಕ್ಕಳಿಂದಲೇ ನೋಡಿಸುತ್ತೇನೆ. "ಮಳೆಗಾಲ ಜೋರಾಗೋ ಮುಂಚೆ ಹೋಗ್ತೀವಿ" ಅನ್ನುವವರಿಗೆ: 2025ರಲ್ಲಿ ಜೂನ್ ಮುಗಿಯುವ ಹೊತ್ತಿಗೇ ಕಟ್ಟೆ ತುಂಬಿತ್ತು. ಕ್ಯಾಲೆಂಡರ್ ನಂಬುವ ಕಾಲ ಇದಲ್ಲ.

ಬೇಸಿಗೆಯಲ್ಲಿ ನೀರು ಏರುವುದಿಲ್ಲ, ಸರಿ. ಆಗ ಗೋಡು ಇರುತ್ತದೆ. ಮೇಲೆ ಬಿಸ್ಕತ್ತಿನಂತೆ ಒಣಗಿ ಬಿರುಕು ಬಿಟ್ಟ ಮಣ್ಣು, ಕೆಳಗೆ ಮೊಣಕಾಲುದ್ದ ಕೆಸರು. ಮಕ್ಕಳು ಓಡುವುದು ಅದರ ಮೇಲೇ. ಕಬಿನಿ ಹಿನ್ನೀರಿನಲ್ಲಾದರೆ ಬೇಸಿಗೆಗೆ ದಡದ ಹಸಿ ಹುಲ್ಲಿಗೆ ಆನೆಗಳ ಹಿಂಡೇ ಇಳಿಯುತ್ತದೆ. ಅದನ್ನು ನೋಡಲೆಂದೇ ಜನ ಸಾವಿರಗಟ್ಟಲೆ ಕೊಟ್ಟು ಸಫಾರಿಗೆ ಹೋಗುತ್ತಾರೆ. ನೀವು ಪುಕ್ಕಟೆಯಾಗಿ ಅದರ ದಾರಿಯಲ್ಲಿ ಮಲಗುತ್ತೇನೆ ಅನ್ನುತ್ತೀರಿ! "ಬಯಲು, ಎಲ್ಲಾ ಕಾಣುತ್ತೆ" ಅನ್ನುವುದು ನಿಜ, ಕಣ್ಣು ತೆರೆದಿದ್ದರೆ. ಕೆ.ಆರ್.ಎಸ್. ಅಣೆಕಟ್ಟೆಯ ಬುಡದಲ್ಲೇ ಇರುವ ಬೃಂದಾವನದಲ್ಲಿ 2022ರ ನವೆಂಬರಿನಲ್ಲಿ ಚಿರತೆ ಕಾಣಿಸಿಕೊಂಡು ಪ್ರವಾಸಿಗರಿಗೆ ಬಾಗಿಲು ಹಾಕಿದ್ದರು. ಅಷ್ಟು ದೀಪ, ಅಷ್ಟು ಜನ ಇರುವ ಕಡೆಗೇ ಬಂದದ್ದು ನಿಮ್ಮ ಸೊಳ್ಳೆಬತ್ತಿಗೆ ಹೆದರುತ್ತದೆಯೇ?

ಹಿನ್ನೀರು ಬೇಡ, ಹೊಳೆ ದಡ ಅಂದರೆ ಅದು ಇನ್ನೂ ಕೆಟ್ಟದ್ದು. ಕಟ್ಟೆಯಿಂದ ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿಯನ್ನೇ ನಿಲ್ಲಿಸುತ್ತಾರೆ. ಅಲ್ಲಿಯ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳನ್ನು ಮಕ್ಕಳಿಗೆ ತೋರಿಸಿದವರೇ, ಅದೇ ಹೊಳೆಯ ಪಕ್ಕ ಟೆಂಟ್ ಹಾಕಬಹುದಾ ಅಂತ ಕೇಳುತ್ತೀರಿ. ನಾಲೆ ಏರಿಯ ಬಗ್ಗೆ ನಾನು ಮಾತೇ ಆಡುವುದಿಲ್ಲ.

"ನಾವು ಮೂರು ಸಲ ಹೋಗಿದ್ದೀವಿ, ಏನೂ ಆಗಿಲ್ಲ" ಅಂತ ಬರೆಯುವವರಿದ್ದಾರೆ. ಸಂತೋಷ. ಹೆಲ್ಮೆಟ್ ಇಲ್ಲದೆ ಮೂವತ್ತು ವರ್ಷ ಓಡಿಸಿದವರೂ ಹೀಗೇ ಹೇಳುತ್ತಾರೆ. ನೀರು ನೋಡಿ, ಕಾಲು ಚಾಚಿ ಕೂತು ಚುರುಮುರಿ ತಿನ್ನಿ, ಸೂರ್ಯ ಮುಳುಗಿದ ಮೇಲೆ ಎದ್ದು ಬಂದು ದಿಬ್ಬದ ಮೇಲಿನ ತೋಟದಲ್ಲಿ ಮಲಗಿ. ಅಲ್ಲಿಂದಲೂ ನೀರು ಕಾಣುತ್ತದೆ.

ಇದಕ್ಕೆ ಸಂಬಂಧಪಟ್ಟ ಇನ್ನೊಂದು ಮಾತು, ಯಾರೂ ಕೇಳದಿದ್ದರೂ. "ಮಳೆ ಬರಲಿಲ್ಲ, ಆದರೂ ಟೆಂಟ್ ಸೋರಿತು, ಅಂಗಡಿಯವನು ಮೋಸ ಮಾಡಿದ" ಅಂತ ಬೈಯುವವರು ಬಹಳ. ಅದು ಸೋರಿದ್ದಲ್ಲ, ನಿಮ್ಮ ಉಸಿರು. ರಾತ್ರಿಯಿಡೀ ಉಸಿರು ಬೆವರು ಸೇರಿ ಒಬ್ಬೊಬ್ಬರು ಹೆಚ್ಚುಕಡಿಮೆ ಒಂದು ಲೋಟ ನೀರು ಬಿಡುತ್ತೇವೆ. ನಾಲ್ಕು ಜನ ಅಂದರೆ ನಾಲ್ಕು ಲೋಟ. ಟೆಂಟಿನ ಹೊರಗಿನ ಬಟ್ಟೆ ತಣ್ಣಗಾದ ಕೂಡಲೇ ಅದು ಹನಿಯಾಗಿ ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಕೂರುವ ಹಾಗೆ. ನೀರಿನ ಪಕ್ಕದ ತೇವದ ಗಾಳಿಯಲ್ಲಿ ಇದು ಇನ್ನೂ ಜಾಸ್ತಿ. ಚಳಿ ಅಂತ ಎಲ್ಲಾ ಜಿಪ್ ಎಳೆದುಕೊಂಡರೆ ಬೆಳಿಗ್ಗೆ ಹೊದಿಕೆ ಒದ್ದೆ. ಎರಡು ಕಡೆ ಸೊಳ್ಳೆಪರದೆಯ ಜಾಲರಿ ಮಾತ್ರ ಎಳೆದು ಬಟ್ಟೆಯ ಜಿಪ್ ತೆರೆದಿಡಿ, ಮಕ್ಕಳಿಗೆ ಸ್ವೆಟರ್ ಹಾಕಿ. ಚಳಿಗೆ ಅಂತ ಇದ್ದಿಲ ಕೆಂಡ ಒಳಗೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ. ಅದು ಬಿಡುವ ವಿಷಾನಿಲಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ.

ಊರಿಗೆ ಬಂದ ದಿನವೇ ಟೆಂಟನ್ನು ತಾರಸಿ ಮೇಲೆ ಹರವಿ ಒಣಗಿಸಿ, ಎಷ್ಟೇ ಸುಸ್ತಾಗಿರಲಿ. ಒದ್ದೆಯಾಗಿ ಮಡಚಿಟ್ಟ ಟೆಂಟು ಎರಡು ತಿಂಗಳಿಗೆ ಬೂಷ್ಟು ಹಿಡಿಯುತ್ತದೆ. ಆ ವಾಸನೆ ಹೋಗಿಸುವುದು ಹೇಗೆ ಅಂತ ಕೇಳಿ ಆಗಲೇ ಆರು ಪತ್ರ ಬಂದಿವೆ.