ದ್ವೀಪ: ಎಣ್ಣೆ ಬತ್ತಿ ಬೇಕಿಲ್ಲ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಟ್ರಾವೆಲ್ಸ್ ಆಫೀಸಿನ ಮುಂದೆ ಫ್ಲೆಕ್ಸ್ ಕಟ್ಟಿದ್ದಾರೆ: ‘ಲಕ್ಷದೀಪ, 4 ರಾತ್ರಿ 5 ಹಗಲು’. ತೆಂಗಿನ ಮರ, ನೀಲಿ ನೀರು ಎಲ್ಲ ಇದೆ. ವ ಒತ್ತು ಮಾತ್ರ ಇಲ್ಲ. ಅಮ್ಮ ಅದನ್ನು ಓದಿ, “ಧರ್ಮಸ್ಥಳದ ದೀಪೋತ್ಸವಕ್ಕಾ? ಕಾರ್ತಿಕಕ್ಕೆ ಇನ್ನೂ ಟೈಮಿದೆಯಲ್ಲೋ” ಅಂದರು. ಅವರ ತಪ್ಪೇನೂ ಇಲ್ಲ, ಬರೆದಿದ್ದೇ ಹಾಗೆ. ವಾಟ್ಸಾಪಿನಲ್ಲೂ ಇದನ್ನೇ ನೋಡಿ ನೋಡಿ ಸಾಕಾಗಿದೆ.

ದೀಪ ಬಂದಿದ್ದು ‘ದೀಪ್’ ಧಾತುವಿನಿಂದ, ಬೆಳಗು ಅಂತ ಅರ್ಥ. ದ್ವೀಪದಲ್ಲಿರುವುದು ದ್ವಿ ಮತ್ತು ಅಪ್. ಅಪ್ ಅಂದರೆ ನೀರು. ಎರಡು ಕಡೆ ನೀರಿರುವ ನೆಲ. ಎರಡೇ ಯಾಕೆ ಅಂತೀರಾ? ಶ್ರೀರಂಗಪಟ್ಟಣ ನೆನಪಿಸಿಕೊಳ್ಳಿ. ಕಾವೇರಿ ಕವಲಾಗಿ ಎರಡೂ ಪಕ್ಕದಲ್ಲಿ ಹರಿದು ಮತ್ತೆ ಕೂಡುತ್ತದೆ. ದ್ವಿ ಜೊತೆ ಸೇರುವಾಗ ‘ಅಪ್’ನ ಅಕಾರ ಈಕಾರ ಆಗುತ್ತದೆ. ಪಾಣಿನಿ ಇದಕ್ಕೆಂದೇ ಒಂದು ಸೂತ್ರ ಇಟ್ಟಿದ್ದಾನೆ. ಅದೇ ಸೂತ್ರದಲ್ಲಿ ‘ಸಮೀಪ’ವೂ ಹುಟ್ಟುತ್ತದೆ. ದಿನಾ ಬಳಸುವ ಸಮೀಪದೊಳಗೂ ನೀರಿದೆ ಅಂತ ಎಷ್ಟು ಜನಕ್ಕೆ ಗೊತ್ತು?

ಫ್ಲೆಕ್ಸಿನವರಿಗೆ ಒಂದೇ ಒಂದು ಸಮರ್ಥನೆ ಸಿಗಬಹುದು: ಅವರು ಪಾಲಿ ಭಾಷೆಯಲ್ಲಿ ಬರೆದಿದ್ದರೆ. ಪಾಲಿಯಲ್ಲಿ ಎರಡೂ ‘ದೀಪ’ವೇ. ಬುದ್ಧನ ‘ಅತ್ತದೀಪ’ ಅಂದರೆ ನಿನಗೆ ನೀನೇ ದೀಪವೋ, ನಿನಗೆ ನೀನೇ ದ್ವೀಪವೋ ಅಂತ ವಿದ್ವಾಂಸರು ಇವತ್ತಿಗೂ ಎಳೆದಾಡುತ್ತಾರೆ. ಪ್ರವಾಹದ ನಡುವೆ ಕಾಲೂರಲು ಸಿಗುವ ನೆಲ ಅನ್ನುವುದೇ ನನಗೆ ಇಷ್ಟ. ಮಾಲ್ಡೀವ್ಸ್‌ನ ‘ಡೀವ್’ ಕೂಡ ದ್ವೀಪವೇ ಸವೆದು ಆಗಿದ್ದು. ಸವೆಯಲಿ ಬಿಡಿ. ಕನ್ನಡದಲ್ಲಿ ಸವೆದಿಲ್ಲ.

ಇನ್ನು ಲಕ್ಷ. ಎಣಿಸಿದರೆ ಸಿಗುವುದು 36, ಜನ ಇರುವುದು 10ರಲ್ಲಿ. ಎಲ್ಲ ಸೇರಿ 32 ಚದರ ಕಿ.ಮೀ. ನಮ್ಮ ಬೆಂಗಳೂರೇ 700 ದಾಟಿದೆ. ಈ ಹೆಸರು ಬಂದಿದ್ದು 1973ರಲ್ಲಿ. ಅಲ್ಲಿನ ಅಮೀನ್‌ದೀವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ನಾವಾದರೂ ಕಾಗುಣಿತ ಸರಿ ಬರೆಯಬೇಕು, ಅಲ್ವಾ?

ಅದೇ ಫ್ಲೆಕ್ಸಿನಲ್ಲಿ ಲಗೂನಿಗೆ ‘ಹಿನ್ನೀರು’ ಅಂತ ಹಾಕಿದ್ದಾರೆ. ಹಿನ್ನೀರು ಕೆಆರ್‌ಎಸ್‌ನದು. ಲಗೂನ್ ಅಂದರೆ ಹವಳದ ದಿಬ್ಬ ಸುತ್ತುಗಟ್ಟಿ, ದೊಡ್ಡ ಅಲೆಗಳನ್ನು ಹೊರಗೇ ಮುರಿದು, ಒಳಗೆ ಉಳಿಸಿಕೊಂಡ ಆಳವಿಲ್ಲದ ಸಮುದ್ರ. ಇಲ್ಲಿ ಬಹುಪಾಲು ದ್ವೀಪಗಳು ಈ ಸುತ್ತಿನ ಪೂರ್ವದ ಅಂಚಿನಲ್ಲಿವೆ, ಲಗೂನ್ ಪಶ್ಚಿಮಕ್ಕೆ. ಸೂರ್ಯ ಮುಳುಗುವ ಫೋಟೋಗಳೆಲ್ಲ ಅಷ್ಟು ಚೆನ್ನಾಗಿ ಬರುವುದು ಅದಕ್ಕೇ.

ಮಳೆ ಮಂಗಳೂರಿಗಿಂತ ತುಂಬ ಕಡಿಮೆ, ಅರ್ಧದಷ್ಟು ಅನ್ನಬಹುದು. ಮೋಡಗಳನ್ನು ತಡೆದು ಮೇಲೆತ್ತಲು ಅಲ್ಲಿ ಘಟ್ಟ ಇಲ್ಲ. ನೆಲ ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರ. ಸುತ್ತ ನೀರಿರುವುದರಿಂದ ರಾತ್ರಿಯೂ ಜಾಸ್ತಿ ತಣ್ಣಗಾಗುವುದಿಲ್ಲ. ಬೆಂಗಳೂರಿನ ಅಭ್ಯಾಸಕ್ಕೆ ಸ್ವೆಟರ್ ಸುಮ್ನೆ ಹೊರಬೇಡಿ, ಒಂದೆರಡು ಕಾಟನ್ ಅಂಗಿ ಜಾಸ್ತಿ ಇಟ್ಟುಕೊಳ್ಳಿ. ಮಳೆ ಕಡಿಮೆ ಅಂದ ಮಾತ್ರಕ್ಕೆ ಮುಂಗಾರಿನಲ್ಲಿ ಹೋಗಬಹುದು ಅಂತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು, ಒಂದು ದ್ವೀಪದಿಂದ ಇನ್ನೊಂದಕ್ಕೆ ದೋಣಿ ಸಿಗುವುದೇ ಕಷ್ಟ. ಫ್ಲೆಕ್ಸಿನ ಕೆಳಗಡೆ ‘ಜುಲೈ ವಿಶೇಷ ರಿಯಾಯಿತಿ’ ಅಂತ ಕೆಂಪಕ್ಷರದಲ್ಲಿದೆ. ಅದರಲ್ಲಿ ಒಂದೂ ಕಾಗುಣಿತ ತಪ್ಪಿಲ್ಲ.